ಮಂದಿ ಕಾಯುವ ಕೆಲಸ

ಕಳೆದ ವಾರ ಬೀದರಿನ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ ಮೀಟಿಂಗಿಗೆಂದು ನಡೆದು ಹೊರಟಿದ್ದೆ. ಹೊರಗೆ ಮಳೆ. ಕೈಯಲ್ಲಿ ಫೈಲು, ಹಿಂದೆ ಇಬ್ಬರು ಸಹಾಯಕರು, ಮುಖದ ಮೇಲೆ ನನ್ನ ಹುದ್ದೆಗೆ ಒಪ್ಪುವಷ್ಟು ಗಾಂಭೀರ್ಯ. ಅಷ್ಟರಲ್ಲಿ ಮೂಗಿಗೆ ಒಂದು ವಾಸನೆ ಬಡಿಯಿತು. ಒದ್ದೆ ಕಂಬಳಿ, ಅದೂ ಕುರಿ ಉಣ್ಣೆಯದು, ಅದರ ಜೊತೆಗೆ ನೆಲ ಒರೆಸಿದ ಫಿನಾಯಿಲು. ಬೆಂಚಿನ ತುದಿಯಲ್ಲಿ ಯಾರೋ ಕಂಬಳಿ ಹೊದ್ದು ಗೋಡೆಗೆ ಮುಖ ಮಾಡಿ ಕೂತಿದ್ದರು. ನನ್ನ ಗಾಂಭೀರ್ಯ ಅಲ್ಲೇ ಕುಸಿಯಿತು, ನಗು ಬಂದುಬಿಟ್ಟಿತು. ಸಹಾಯಕರು ಗಾಬರಿಯಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವರಿಗೇನು ಗೊತ್ತು. ಆ ವಾಸನೆ ಬಂದರೆ ನಾನು ಔರಾದದಲ್ಲಿರುತ್ತೇನೆ, ಈ ನೌಕರಿಯ ಮೊದಲನೇ ಮಳೆಗಾಲದಲ್ಲಿ.

ಆಗ ನನಗೆ ಸಿಕ್ಕಿದ್ದ ಹುದ್ದೆಯ ಹೆಸರು ಮ್ಯಾನೇಜ್ಡ್ ಕೇರ್ ಡೈರೆಕ್ಟರ್. ಅದಕ್ಕೂ ಮೊದಲು ಹೈದರಾಬಾದಿನ ಒಂದು ಆರೋಗ್ಯ ವಿಮೆ ಕಂಪನಿಯಲ್ಲಿ ಫೋನ್ ಎತ್ತುತ್ತಿದ್ದೆ. ಕಿವಿಗೆ ತಂತಿ ಸಿಕ್ಕಿಸಿಕೊಂಡು ದಿನವಿಡೀ ಮಂದಿಯ ಬೈಗುಳ ಕೇಳುವ ಕೆಲಸ. ಕಂಪನಿಯವರು ಬೀದರ್ ಜಿಲ್ಲೆಯಲ್ಲಿ ಹೊಸ ಯೋಜನೆ ಶುರು ಮಾಡುವಾಗ ಅಲ್ಲಿಗೆ ಹೋಗಲು ಯಾರೂ ತಯಾರಾಗಲಿಲ್ಲ. ನಾನು ಬೀದರಿನವಳೇ ಎಂದು ತಿಳಿದ ಕೂಡಲೇ ನನ್ನಲ್ಲಿ ನಾಯಕತ್ವದ ಗುಣಗಳಿವೆ ಎಂದು ಅವರಿಗೆ ಹೊಳೆಯಿತು.

ಕೆಲಸ ಇಷ್ಟು: ಕಾರ್ಡು ಮಾಡಿಸಿದ ಕುಟುಂಬಗಳಿಗೆ ಕಾಯಿಲೆ ಬಂದಾಗ ಯಾವ ಆಸ್ಪತ್ರೆ, ಯಾವ ಚಿಕಿತ್ಸೆ ಎಂದು ನೋಡುವುದು, ಬೇಕಾದ ಚಿಕಿತ್ಸೆ ಸಿಗುವಂತೆ, ಬೇಡದ್ದು ಆಗದಂತೆ ನಿಗಾ ಇಡುವುದು. ಹೆಸರೇನೋ ದೊಡ್ಡದು, ಆಫೀಸು ಮಾತ್ರ ಬೀದರಿನ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಖೋಲಿ. ಡೈರೆಕ್ಟರೂ ನಾನೇ, ಕಸ ಗುಡಿಸುವವಳೂ ನಾನೇ. ಕೆಳಗೆ ಕಬ್ಬಿಣದ ಸಲಾಕೆ ಇಳಿಸುವಾಗ ಮೇಲೆ ನನ್ನ ಕುರ್ಚಿ ಕುಣಿಯುತ್ತಿತ್ತು.

ಹುದ್ದೆಗೆ ಒಂದು ಬಾಲವೂ ಇತ್ತು. ಹೆಡ್ ಆಫೀಸಿನ ರೆಡ್ಡಿ ಸಾಹೇಬರು ಆದೇಶ ಕೊಡುವಾಗಲೇ ಹೇಳಿದ್ದರು: ಬೀದರಿನ ಆಸ್ಪತ್ರೆ ಒಪ್ಪಂದಕ್ಕೆ ಬಂದಿದೆ, ಭಾಲ್ಕಿಯದೂ ಬಂದಿದೆ, ದಸರೆಯ ಒಳಗೆ ಔರಾದದ ಡಾಕ್ಟರನ್ನು ಒಪ್ಪಿಸಿದರೆ ನೀನು ಕಾಯಂ ಡೈರೆಕ್ಟರ್, ಇಲ್ಲವಾದರೆ ಮತ್ತೆ ಫೋನ್ ಎತ್ತುವ ಕುರ್ಚಿ. ನನಗೂ ಅದು ನ್ಯಾಯವೇ ಅನ್ನಿಸಿತು. ಔರಾದ ಕಡೆಯ ಕಾರ್ಡುದಾರರು ಹೊಟ್ಟೆನೋವಿಗೂ ಬೀದರಿನ ಬಸ್ಸು ಹತ್ತಬೇಕಿತ್ತು. ಎರಡು ಕಲ್ಲಿನ ಒಲೆಯ ಮೇಲೆ ಯಾವ ಗಡಿಗೆಯೂ ನಿಲ್ಲುವುದಿಲ್ಲ.

ತೊಂದರೆ ಶುರುವಾದದ್ದು ಬೋರ್ಡಿನಿಂದ. ಬರೆಯಲು ಬಂದ ಪೇಂಟರು ಚೀಟಿ ಓದಿ ಬ್ರಷ್ಷು ಕೆಳಗಿಟ್ಟ.

“ಮೇಡಂ, ಮ್ಯಾನೇಜ್ ಅಂತ ಬೋರ್ಡಿನ ಮ್ಯಾಲೇ ಬರೀಬೇಕೇನ್ರಿ?”

“ಹೌದ್ರಿ. ಯಾಕ?”

“ಎಲ್ಲಾ ಆಫೀಸಿನ್ಯಾಗೂ ಮ್ಯಾನೇಜ್ ನಡೀತದ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ಬೋರ್ಡಿನ ಮ್ಯಾಲ ಬರಿಯೋ ಧೈರ್ಯ ಇವತ್ತಿನ ತನಕ ಯಾರೂ ಮಾಡಿಲ್ಲ ನೋಡ್ರಿ.”

ಪರವೂರಿನವರು ಆ ಮಾತಿಗೆ ನಿರ್ವಹಣೆ ಎಂದು ಅರ್ಥ ಹೇಳಬಹುದು. ನಮ್ಮ ಕಡೆ ಮ್ಯಾನೇಜ್ ಮಾಡುವುದೆಂದರೆ ಒಳಗಿಂದೊಳಗೆ ಸರಿಪಡಿಸುವುದು. ಪರೀಕ್ಷೆ ಮ್ಯಾನೇಜ್ ಆಗುತ್ತದೆ, ಟೆಂಡರು ಮ್ಯಾನೇಜ್ ಆಗುತ್ತದೆ, ಕೆಲವು ಮದುವೆಗಳೂ ಆಗುತ್ತವೆ. ಇನ್ನು ‘ಕೇರ್’ ಎಂಬುದನ್ನು ನಮ್ಮವರು ಕೇಳಿರುವುದು ‘ಅಂವ ಯಾರಿಗೂ ಕೇರ್ ಮಾಡಂಗಿಲ್ಲ’ ಎನ್ನುವಾಗ ಮಾತ್ರ. ಎರಡನ್ನೂ ಕೂಡಿಸಿ ಜನ ಏನು ತಿಳಿದುಕೊಂಡರೆಂದು ನಾನು ಬಿಡಿಸಿ ಹೇಳಬೇಕಿಲ್ಲ. ವಾರದೊಳಗೆ ನಾನು ಊರಿಗೆಲ್ಲ ಮ್ಯಾನೇಜ್ ಮೇಡಂ ಆದೆ. ಮನ್ನಳ್ಳಿಯಿಂದ ಒಬ್ಬರು ಮಗನ ವರ್ಗಾವಣೆ ಮ್ಯಾನೇಜ್ ಮಾಡಿಕೊಡಿ ಎಂದು ಬಂದರು. ಸಾಯಗಾಂವದವರೊಬ್ಬರಿಗೆ ಬಸ್ಸು ಅವರ ಹೊಲದ ಮುಂದೆಯೇ ನಿಲ್ಲಬೇಕಿತ್ತು. ಭಾಲ್ಕಿಯ ಕಿರಾಣಿ ಸಾಹುಕಾರರಿಗೆ ‘ಕ್ಯಾಶ್‌ಲೆಸ್’ ಚಿಕಿತ್ಸೆ ಎಂದರೆ ಏನೆಂದು ಅರ್ಧ ತಾಸು ವಿವರಿಸಿದೆ. ಎಲ್ಲ ಕೇಳಿ, “ಅಂದ್ರ ಕ್ಯಾಶ್ ಕೊಟ್ರ ಲೆಸ್ ಮಾಡ್ತೀರಿ. ಎಷ್ಟು ಲೆಸ್ ಅದನ್ನ ಹೇಳ್ರಲ್ಲ,” ಎಂದರು.

ನಮ್ಮಪ್ಪ ಸಣ್ಣದೊಂದು ಅಂಗಡಿ ಇಟ್ಟುಕೊಂಡಿದ್ದವರು, ದಿನಾ ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸದೆ ನೀರು ಮುಟ್ಟದ ಮನುಷ್ಯ. ಒಂದು ಸಂಜೆ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದರು: “ಮಗಾ, ನೀ ಮಾಡೋದು ಕಾಯಕ ಹೌದಲ್ಲೋ?”

“ಹೌದಪ್ಪಾ. ಯಾಕ ಹಿಂಗ ಕೇಳ್ತೀರಿ?”

“ಏನಿಲ್ಲ. ಅಂಗಡ್ಯಾಗ ಮಂದಿ ನಗ್ತಾರ.”

ಇನ್ನು ಕಾರ್ಡುದಾರರ ಸಂಗತಿ. ಬೇಡದ ಆಪರೇಶನ್ ತಡೆಯಬೇಕಾದರೆ ಡಾಕ್ಟರುಗಳ ಜೊತೆ ಗುದ್ದಾಡಬೇಕಾಗುತ್ತದೆ ಎಂದು ನನಗೆ ಪಾಠ ಹೇಳಿದವರು ಕಲಿಸಿದ್ದರು. ನಾನು ಗುದ್ದಾಡಿದ್ದು ಭೀಮಬಾಯಿಯ ಜೊತೆ. ಖಟಕ ಚಿಂಚೋಳಿಯ ಕುರಿ ಸಾಕುವ ಮನೆತನದ ಹೆಂಗಸು, ಎಲುಬು ಗಟ್ಟಿ, ದನಿ ಅದಕ್ಕಿಂತ ಗಟ್ಟಿ. ಭಾಲ್ಕಿಯ ಆಸ್ಪತ್ರೆಯಲ್ಲಿ ನಾನು ವಾರಕ್ಕೊಮ್ಮೆ ಕೂತಿರುತ್ತಿದ್ದ ಮೇಜಿಗೆ ಬಂದು ಕಾರ್ಡನ್ನು ಪಟ್ಟನೆ ಇಟ್ಟಳು.

“ಬಾಯಿ, ಕಾರ್ಡ್ ಮಾಡ್ಸಿ ಮಳಿಗಾಲ ಬಂತು. ನಮ್ಮ ಓಣಿ ಶಾಂತಾಬಾಯಿಗಿ ಕಣ್ಣಿನ ಆಪರೇಶನ್ ಆತು. ಆಕಿ ಕಾರ್ಡೂ ಇದಾ, ನಂದೂ ಇದಾ. ನನಗ್ಯಾಕ ಏನೂ ಆಗಿಲ್ಲ?”

“ನಿಮಗ ಏನು ತ್ರಾಸ ಅದ, ಆಯಿ?”

“ಏನರ ಇರ್ತದ. ನೀವಾ ನೋಡಿ ಹೇಳ್ರಿ.”

ಭಾಲ್ಕಿಯ ಡಾಕ್ಟರು ಮೊಣಕಾಲು ಒತ್ತಿ ನೋಡಿದರು, ಕಣ್ಣಿಗೆ ಬೆಳಕು ಬಿಟ್ಟರು, ಎದೆ ಕೇಳಿದರು, ಹಲ್ಲನ್ನೂ ಎಣಿಸಿದರು. “ನಮಗ ಎಲ್ಲಾರಿಗೂ ಮಣ್ಣು ಕೊಟ್ಟು ಹೋಗ್ತಾಳ್ರಿ ಈಕಿ,” ಎಂದು ಕೈ ತೊಳೆದುಕೊಂಡರು. ಭೀಮಬಾಯಿಗೆ ಇದು ಮೋಸ ಅನ್ನಿಸಿತು. ಹೋಗುವ ಮುಂಚೆ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿ, “ಮತ್ತ ನೀವು ಏನ್ ಮಾಡ್ತೀರಿ ಇಲ್ಲಿ?” ಎಂದು ವಿಚಾರಿಸಿದಳು. ನಾನು ತಾಳ್ಮೆಯಿಂದ ಹೇಳಿದೆ: ಯಾರಿಗೆ ಏನಾಗಿದೆ, ಯಾರು ಎಲ್ಲಿಗೆ ಹೋಗಬೇಕು, ಯಾರು ತಪ್ಪಿಸಿಕೊಂಡಿದ್ದಾರೆ, ಎಲ್ಲ ನೋಡುತ್ತೇನೆ.

“ಅಂದ್ರ ಮಂದಿ ಕಾಯ್ತೀರಿ ಅನ್ರಿ. ನಾ ಕುರಿ ಕಾಯ್ತೀನಿ, ನೀವು ಮಂದಿ ಕಾಯ್ತೀರಿ.”

ಡೈರೆಕ್ಟರನ್ನು ಕುರಿ ಕಾಯುವವರ ಸಾಲಿನಲ್ಲಿ ಕೂಡಿಸಿದ್ದು ನನಗೆ ಅಷ್ಟು ಸರಿ ಬರಲಿಲ್ಲ. ಕಾರ್ಡು ವಾಪಸ್ ಕೊಟ್ಟೆ.

ಔರಾದದ ಡಾಕ್ಟರು ಮಾಣಿಕರಾವ್. ಆ ಊರಲ್ಲಿ ಹೊಟ್ಟೆ ಕೊಯ್ದು ಹೊಲಿಯಬಲ್ಲವರು ಅವರೊಬ್ಬರೇ. ಬೆಳ್ಳಗಿನ ಹುಬ್ಬು, ಇಸ್ತ್ರಿ ಕಾಣದ ಕೋಟು, ಮಾತಿನಲ್ಲಿ ಅರ್ಧ ಮರಾಠಿ. ಮೊದಲ ಸಲ ಹೋದಾಗ ನನ್ನ ವಿಸಿಟಿಂಗ್ ಕಾರ್ಡನ್ನು ಕನ್ನಡಕ ಏರಿಸಿ ಓದಿದರು.

“ಮ್ಯಾನೇಜ್ಡ್ ಕೇರ್. ಅಚ್ಛಾ. ನೀವು ಮ್ಯಾನೇಜ್ ಮಾಡೋರು, ನಾ ಕೇರ್ ಮಾಡಲಾರದಂವ. ಇಬ್ಬರಿಗೂ ಜಮಂಗಿಲ್ಲ. ಚಾ ಕುಡೀರಿ, ಬಸ್ಸು ಹಿಡೀರಿ.”

“ಅದರ ಅರ್ಥ ಹಂಗಲ್ರೀ, ಡಾಕ್ಟರ್ ಸಾಹೇಬ್ರ...”

“ಹಿಂಗಾ ಒಬ್ಬಾಂವ ಬಂದಿದ್ದ. ಥಂಡಿ ಹತ್ತಿದವರಿಗಿ ನಿಮೋನಿಯಾ ಅಂತ ಬರೀರಿ, ಉಳದದ್ದು ನಾವು ಮ್ಯಾನೇಜ್ ಮಾಡ್ತೀವಿ ಅಂದ. ಅವಂಗ ಚಾ ಸೈತ ಕುಡಸಲಿಲ್ಲ. ನೀವು ಹೆಣ್ಣುಮಗಳು, ಮಳ್ಯಾಗ ಬಂದೀರಿ, ಅದಕ್ಕ.”

ಎರಡನೇ ಸಲ ಹೋದಾಗ ಕಂಪೌಂಡರು “ಕಾಯ್ರಿ” ಅಂದ. ಕಾಯ್ದೆ. ಸೋಯಾ ಕಳೆ ತೆಗೆದು ನೇರ ಹೊಲದಿಂದ ಬಂದವರು, ಕೆಮ್ಮುವ ಮುದುಕರು, ಅಳುವ ಕೂಸುಗಳು, ಎಲ್ಲರ ಕಾಲಿಗೂ ಎರೆ ಮಣ್ಣು. ಎಲ್ಲರನ್ನೂ ನೋಡಿ ಮುಗಿಸಿ ಡಾಕ್ಟರು ಹೊರಗೆ ಬಂದು, “ಇನ್ನಾ ಇದ್ದೀರೇನು? ಚಾ ಆತಿಲ್ಲೋ?” ಎಂದು ಕೇಳಿ ಊಟಕ್ಕೆ ಹೊರಟುಹೋದರು. ಆಮೇಲೆ ಹೋದಾಗಲೂ ಅದೇ ಕತೆ. ಬಸ್ ಸ್ಟ್ಯಾಂಡಿನ ಭಜಿ ಅಂಗಡಿಯವನಿಗೆ ನನ್ನ ಪರಿಚಯವಾಗಿ, “ಇವತ್ತರ ಮ್ಯಾನೇಜ್ ಆತೇನ್ರಿ?” ಎಂದು ಕೇಳತೊಡಗಿದ. ರೆಡ್ಡಿ ಸಾಹೇಬರೂ ಅದನ್ನೇ ಕೇಳುತ್ತಿದ್ದರು, ತೆಲುಗಿನಲ್ಲಿ.

ದಸರೆ ಹತ್ತಿರ ಬಂತು. ಉತ್ತರಿ ಮಳೆ ಬಿಡದೆ ಹಿಡಿದಿತ್ತು. ಇದೇ ಕೊನೆ ಎಂದುಕೊಂಡು ಒಂದು ಮುಂಜಾನೆ ಮತ್ತೆ ಔರಾದಕ್ಕೆ ಹೋದೆ. ನಾನು ತಲುಪಿದ ಸ್ವಲ್ಪ ಹೊತ್ತಿಗೆ ಹಾದಿಯ ಹಳ್ಳ ತುಂಬಿ ಬೀದರಿನ ಬಸ್ಸು ಬಂದ್ ಆಯಿತು ಎಂದು ಸುದ್ದಿ ಬಂತು. ಹಿಂದಕ್ಕೆ ಹೋಗುವಂತಿಲ್ಲ, ಒಳಗೆ ಕರೆಯುವುದಿಲ್ಲ. ದವಾಖಾನೆಯ ಬೆಂಚಿನ ಮೇಲೆ ಸೆರಗು ಹಿಂಡುತ್ತ ಕೂತಿದ್ದೆ. ಆಗ ಬಾಗಿಲ ಮುಂದೆ ಟಂಟಂ ಆಟೋ ನಿಂತಿತು. ಇಬ್ಬರು ಸೇರಿ ಒಂದು ಕಂಬಳಿಯ ಮೂಟೆಯನ್ನು ಇಳಿಸಿದರು. ಮೂಟೆ ನರಳುತ್ತಿತ್ತು. ಹತ್ತಿರ ಬಂದಾಗ ಅದರೊಳಗಿಂದ ಒಂದು ಮುಖ ಎದ್ದಿತು, ನನ್ನನ್ನು ಕಂಡು ಅರಳಿತು.

“ಬಾಯಿ! ಈಗ ಖರೇನಾ ಅದ ನೋಡ್ರಿ!”

ಭೀಮಬಾಯಿ. ಮಗಳನ್ನು ನೋಡಲೆಂದು ಔರಾದಕ್ಕೆ ಬಂದಿದ್ದಳಂತೆ. ಮುಂಜಾನೆಯಿಂದ ಹೊಟ್ಟೆ ಹಿಡಿದುಕೊಂಡಿದೆ, ನೀರೂ ನಿಲ್ಲುತ್ತಿಲ್ಲ ಎಂದು ಅಳಿಯ ಧನರಾಜ ಹೇಳಿದ. ಮಾಣಿಕರಾವ್ ಅವರು ಒಳಗೆ ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದವರೇ ಮುಖ ಬಿಗಿ ಮಾಡಿಕೊಂಡರು. ಹೊಕ್ಕುಳದ ಹತ್ತಿರ ಒಂದು ಗಂಟು. ಕರುಳು ಅದರೊಳಗೆ ನುಗ್ಗಿ ಸಿಕ್ಕಿಕೊಂಡಿದೆ, ಈಗಲೇ ಆಪರೇಶನ್ ಆಗದಿದ್ದರೆ ಕರುಳು ಕೊಳೆಯುತ್ತದೆ, ಆಮೇಲೆ ಜೀವ ಯಾರ ಕೈಯಲ್ಲೂ ಉಳಿಯುವುದಿಲ್ಲ ಎಂದರು.

“ಈ ಗಂಟು ಯಾವಾಗಿಂದ ಅದ, ಅವ್ವಾ?”

“ನಮ್ಮ ಸಣ್ಣಾಕಿ ಹುಟ್ಟಿದಾಗಿಂದ ಅದ್ರಿ.”

ಸಣ್ಣಾಕಿ ಅಂದರೆ ಧನರಾಜನ ಹೆಂಡತಿ. ಅವಳು ಬಾಗಿಲಲ್ಲಿ ನಿಂತಿದ್ದಳು, ಕಂಕುಳಲ್ಲಿ ತನ್ನದೇ ಕೂಸು. ನನಗೆ ತಡೆಯಲಿಲ್ಲ. “ಆಯಿ, ಭಾಲ್ಕ್ಯಾಗ ಹಲ್ಲಿನ ತನಕ ತೋರಿಸಿದ್ರಿ. ಇದನ್ನ ಯಾಕ ಹೇಳ್ಲಿಲ್ಲ?”

“ಆಗ ಅದು ನೋಯ್ತಿದ್ದಿಲ್ಲಲ್ರಿ. ನೋಯಲಾರದ್ದು ಡಾಕ್ಟರಿಗಿ ಯಾಕ ಹೇಳ್ಬೇಕು?”

ಗಂಟು ಅಷ್ಟು ಹಳೆಯದು ಎಂಬ ಅವಳ ಮಾತು ಎಲ್ಲವನ್ನೂ ಕೆಡಿಸಿತ್ತು. ಕಾರ್ಡಿಗಿಂತ ಮೊದಲೇ ಇದ್ದ ಕಾಯಿಲೆಗೆ ಕಂಪನಿ ಸುಲಭಕ್ಕೆ ಒಪ್ಪುವುದಿಲ್ಲ. ಧನರಾಜ ಚುರುಕು ಮನುಷ್ಯ, ಅವನಿಗೆ ಇದು ಗೊತ್ತಿತ್ತು. ನನ್ನನ್ನು ಪಕ್ಕಕ್ಕೆ ಕರೆದ. ಆದರೆ ಆ ಖೋಲಿಯಲ್ಲಿ ಪಕ್ಕ ಎನ್ನುವುದೇ ಇರಲಿಲ್ಲ.

“ಮೇಡಂ, ಗಂಟು ಮೊನ್ನಿ ಬಂತು ಅಂತ ಬರೀರಿ. ಜರಾ ಮ್ಯಾನೇಜ್ ಮಾಡ್ರಿ. ನಿಮ್ಮ ಬೋರ್ಡಿನ ಮ್ಯಾಲಾ ಬರದೀರಿ ಅಂತಲ್ರಿ.”

ಮಾಣಿಕರಾವ್ ಅವರು ಕೈ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು. ಬೆಳ್ಳನೆಯ ಹುಬ್ಬು ಮೇಲಕ್ಕೇರಿತು. ನನ್ನನ್ನೇ ನೋಡುತ್ತ ನಿಂತರು.

ನಾನು ಹೈದರಾಬಾದಿಗೆ ಫೋನ್ ಮಾಡಿದೆ. ಹಳೆಯ ಕಾಯಿಲೆ, ಒಪ್ಪಂದವಿಲ್ಲದ ಆಸ್ಪತ್ರೆ ಎಂದು ಕೇಳಿದ ಕೂಡಲೇ ರೆಡ್ಡಿ ಸಾಹೇಬರು ಬೀದರಿಗೆ ಕಳಿಸಿ ಅಂದರು. ಹಳ್ಳ ತುಂಬಿದೆ ಅಂದೆ. ಹಾಗಾದರೆ ಕಮಿಟಿಯವರು ನೋಡಬೇಕು, “ವೆಯಿಟ್ ಚೇಯಮನಂಡಿ,” ಅಂದರು. ಕಾಯಲು ಹೇಳಿ ಎಂದು ಅರ್ಥ. ನಾನು ಫೋನನ್ನು ಕಿವಿಯಿಂದ ತೆಗೆಯದೆ ಡಾಕ್ಟರಿಗೆ ಹೇಳಿದೆ: “ಕಾಯ್ಲಿ ಅಂತಾರ್ರಿ.”

ಮಂಚದ ಮೇಲಿಂದ, ಹಲ್ಲು ಕಚ್ಚಿಕೊಂಡೇ, ಭೀಮಬಾಯಿ ಕೇಳಿದಳು.

“ಏನ್ರಿ ಬಾಯಿ, ಮಂದಿ ಕಾಯೋದು ಅಂದ್ರ ಮಂದಿಗಿ ಕಾಯಸೋದೇನ್ರಿ?”

ಹೊರಗಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನನಗೆ ಕಿವಿಯವರೆಗೂ ರಕ್ತ ಏರಿತು. ಸಿಟ್ಟು ಯಾರ ಮೇಲೆ ಎಂದು ಗೊತ್ತಾಗುವಷ್ಟು ವ್ಯವಧಾನ ಇರಲಿಲ್ಲ, ಫೋನು ಕೈಯಲ್ಲಿತ್ತು. “ಸಾಹೇಬ್ರ, ನಾ ಇಲ್ಲಿ ಮಂದಿ ಕಾಯ್ಲಾಕ ಕೂತೀನಿ, ಕಾಯಸ್ಲಾಕ ಅಲ್ಲ!” ಎಂದು ಕೂಗಿದೆ. ರೆಡ್ಡಿ ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ, ಹಾಗಾಗಿ ನನ್ನ ಜೀವಮಾನದ ಅತ್ಯುತ್ತಮ ಮಾತು ಅವರ ಮಟ್ಟಿಗೆ ಪೂರ್ತಿ ಹಾಳಾಯಿತು. “ಏಮಿಟಿ? ಏಮಿಟಿ?” ಎನ್ನುತ್ತಿದ್ದರು. ನಾನು ಫೋನ್ ಇಟ್ಟೆ.

ಪ್ರಾಣಾಪಾಯವಿದ್ದರೆ ಯಾವ ಆಸ್ಪತ್ರೆಯಾದರೂ ಸರಿ, ಮೊದಲು ಚಿಕಿತ್ಸೆ, ಆಮೇಲೆ ವಿಚಾರಣೆ ಎಂದು ಕಂಪನಿಯ ನಿಯಮದಲ್ಲೇ ಒಂದು ಸಾಲಿತ್ತು. ಅದನ್ನು ಯಾರೂ ಬಳಸಿದ್ದನ್ನು ನಾನು ನೋಡಿರಲಿಲ್ಲ. ಡಾಕ್ಟರ ಮೇಜಿನ ಮೇಲೇ ಕೂತು ಬರೆದೆ: ಗಂಟು ಹಳೆಯದು, ಕಿರಿಮಗಳು ಹುಟ್ಟಿದಾಗಿನದು, ಅಪಾಯ ಇವತ್ತಿನದು, ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿದ್ದೇನೆ. ಕೆಳಗೆ ಸಹಿ, ಸಹಿಯ ಕೆಳಗೆ ಡೈರೆಕ್ಟರ್. ಆ ಪದವನ್ನು ಬರೆಯುವಾಗ ಮೊದಲ ಬಾರಿ ನನಗೆ ನಗು ಬರಲಿಲ್ಲ.

ಧನರಾಜ ಹಣೆ ಚಚ್ಚಿಕೊಂಡ. “ಅಯ್ಯ, ಖರೇನಾ ಬರದ್ರಲ್ರಿ!”

ಮಾಣಿಕರಾವ್ ಅವರು ಹಾಳೆ ಎತ್ತಿ ಓದಿದರು. “ಇದು ಮ್ಯಾನೇಜ್ ಅಲ್ಲಲ್ರಿ?”

“ಅಲ್ರಿ.”

“ಮತ್ತ ನಿಮ್ಮ ನೌಕ್ರಿ?”

“ನೋಡೂಣ್ರಿ.”

ಭೀಮಬಾಯಿಯನ್ನು ಆಪರೇಶನ್ ಖೋಲಿಗೆ ಒಯ್ದರು, ಅವರೂ ಒಳಗೆ ಹೋದರು. ಬಾಗಿಲು ಹಾಕಿಕೊಂಡಿತು.

ನಾವು ಹೊರಗೆ ಕೂತೆವು. ಕಂಪೌಂಡರು ಭೀಮಬಾಯಿಯ ಕಂಬಳಿಯನ್ನು ತಂದು, ಇಡಲು ಜಾಗವಿಲ್ಲದೆ, ನನ್ನ ತೊಡೆಯ ಮೇಲೆ ಹಾಕಿಹೋದ. ಮಳೆಯಲ್ಲಿ ನೆನೆದು ಕುರಿಯಷ್ಟೇ ಭಾರವಾಗಿತ್ತು, ಕುರಿಯಷ್ಟೇ ನಾರುತ್ತಿತ್ತು. ತೆಗೆದು ಕೆಳಗಿಡಲು ಮನಸ್ಸಾಗಲಿಲ್ಲ. ಬಹಳ ಹೆದರಿದ್ದೆ. ಆ ಹೆಂಗಸಿನ ಜೀವಕ್ಕಾಗಿ ಮಾತ್ರ ಹೆದರಿದ್ದೆ ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ನೌಕರಿಗೂ ಹೆದರಿದ್ದೆ. ಕಿವಿಗೆ ಮತ್ತೆ ಆ ತಂತಿ ಸಿಕ್ಕಿಸಿಕೊಳ್ಳುವುದೇ ಕಣ್ಣ ಮುಂದೆ ಬರುತ್ತಿತ್ತು. ಪಕ್ಕದಲ್ಲಿ ಮಗಳು ಕೂಸನ್ನು ತೂಗುತ್ತ ಸುಮ್ಮನೆ ಅಳುತ್ತಿದ್ದಳು, “ನನ್ನ ಹಡದಾಗಿಂದ ಅಂತಲ್ರೀ, ಒಂದಿನಾನೂ ಹೇಳಿಲ್ರೀ,” ಅಂದಳು. ನಾನು ಅವಳ ಕೈ ಹಿಡಿದುಕೊಂಡೆ.

ಸಂಜೆಗೆ ಡಾಕ್ಟರು ಹೊರಗೆ ಬಂದು, “ಕರುಳು ಉಳೀತು,” ಎಂದರು. ಆಮೇಲೆ ಕಂಪೌಂಡರಿಗೆ, “ಡೈರೆಕ್ಟರ್ ಬಾಯರಿಗಿ ಚಾ ತರಸು. ಭಜಿ ಸೈತ,” ಎಂದರು.

ಭೀಮಬಾಯಿಗೆ ಎಚ್ಚರವಾದಾಗ ಮಗಳು, ಅಳಿಯ, ನಾನು ಎಲ್ಲ ಮಂಚದ ಸುತ್ತ ನಿಂತಿದ್ದೆವು. ಅವಳು ಎಲ್ಲರನ್ನೂ ಬಿಟ್ಟು ನನ್ನನ್ನು ಹುಡುಕಿದಳು.

“ಬಾಯಿ, ಆಪರೇಶನ್ ಆತೇನ್ರಿ?”

“ಆತು, ಆಯಿ. ಚಲೋ ಆತು.”

“ಶಾಂತಾಬಾಯಿದು ಬರೇ ಕಣ್ಣಿಂದು. ನಂದು ದೊಡ್ಡದಲ್ಲೇನ್ರಿ?”

“ಭಾಳ ದೊಡ್ಡದು.”

ಸಮಾಧಾನದಿಂದ ಮತ್ತೆ ಕಣ್ಣು ಮುಚ್ಚಿದಳು.

ರೆಡ್ಡಿ ಸಾಹೇಬರು ಸುಮ್ಮನಿರಲಿಲ್ಲ. ದಸರೆಗೆ ಮುಂಚೆ ವಿವರಣೆ ಕೇಳಿದರು, ನನ್ನ ವಿವರಣೆಯ ಮೇಲೆ ಮತ್ತೊಂದು ವಿವರಣೆ ಕೇಳಿದರು. ಹಳೆಯ ಕುರ್ಚಿ ಖಾಲಿ ಇದೆ ಎಂದೂ ತಿಳಿಸಿದರು. ನಾನು ಖೋಲಿಯ ಬೀಗದ ಕೈಯನ್ನು ಹಾರ್ಡ್‌ವೇರ್ ಅಂಗಡಿಯವರಿಗೆ ಕೊಡುವ ಮಾತಾಡಿಯೂ ಆಗಿತ್ತು. ದಸರೆಯ ಸಂಜೆ ನಮ್ಮ ಮನೆಯ ಬಾಗಿಲಲ್ಲಿ ಮಾಣಿಕರಾವ್ ಅವರು ನಿಂತಿದ್ದರು, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು. ಒಂದು ಕೈಯಲ್ಲಿ ಬನ್ನಿ ಎಲೆ, ಇನ್ನೊಂದರಲ್ಲಿ ನಾನು ಪ್ರತಿ ಸಲವೂ ಕಂಪೌಂಡರ ಕೈಗೆ ಕೊಟ್ಟುಬರುತ್ತಿದ್ದ ಒಪ್ಪಂದದ ಹಾಳೆ.

“ಬನ್ನಿ ತಗೋರಿ, ಬಂಗಾರದಂಗ ಇರೂಣ,” ಎಂದು ನಮ್ಮಪ್ಪನಿಗೆ ಎಲೆ ಕೊಟ್ಟು ಕೈ ಮುಗಿದರು. ನಂತರ ನನಗೂ ಕೊಟ್ಟರು, ಹಾಳೆಯ ಸಮೇತ. ಸಹಿ ಮಾಡಿದ್ದರು. ಎಲ್ಲೆಲ್ಲಿ ‘ಮ್ಯಾನೇಜ್ಡ್’ ಎಂದಿತ್ತೋ ಅಲ್ಲೆಲ್ಲ ನೀಲಿ ಶಾಯಿಯಲ್ಲಿ ಗೀಟು ಎಳೆದಿದ್ದರು. “ಆ ಮಾತೊಂದು ನನ್ನ ದವಾಖಾನ್ಯಾಗ ನಡ್ಯಂಗಿಲ್ಲ,” ಎಂದರು. ಅಪ್ಪ ಆ ಎಲೆಯನ್ನು ಎಷ್ಟೋ ದಿನ ಅಂಗಡಿಯ ಗಲ್ಲಾದ ಮೇಲೆ ಇಟ್ಟಿದ್ದರು. ಯಾರಾದರೂ ನಕ್ಕರೆ ಆ ಕಡೆ ಕೈ ತೋರಿಸುತ್ತಿದ್ದರು.

ಹೆಡ್ ಆಫೀಸಿನವರು ಆ ಗೀಟುಗಳನ್ನು ನೋಡಿ ಹಾಳೆ ವಾಪಸ್ ಕಳಿಸಿದರು. ನಾನು ತಿರುಗಿ ಕಳಿಸಿದೆ. ಕೊನೆಗೆ ಔರಾದ ಬಂದಿತಲ್ಲ, ಹಾಳಾಗಿ ಹೋಗಲಿ ಎಂದು ಒಪ್ಪಿಕೊಂಡರು. ನಾನು ಕಾಯಂ ಆದೆ. ಔರಾದದ ದವಾಖಾನೆಯಲ್ಲಿ ನನ್ನ ಮೇಜಿಗೆ ಬೋರ್ಡು ಬೇಕಾದಾಗ ಅದೇ ಪೇಂಟರನ್ನು ಕರೆಸಿ, ಭೀಮಬಾಯಿಯ ಮಾತನ್ನೇ ಬರೆಸಿದೆ: ‘ಮಂದಿ ಕಾಯುವ ಜಾಗ’. ಅವನು ಬರೆದು ಮುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಬೆಂಚಿನ ಮೇಲೆ ಸಾಲಾಗಿ ಕೂತವರನ್ನೊಮ್ಮೆ ನೋಡಿದ.

“ಈಗ ಬರೋಬ್ಬರ್ ಆತ್ರಿ. ಹ್ಯಾಂಗ ಓದಿದ್ರೂ ಖರೇನಾ ಅದ.”

ಕಳೆದ ವಾರ ಕಾರಿಡಾರಿನಲ್ಲಿ ನಾನು ನಕ್ಕದ್ದು ಇದಕ್ಕೆ. ನನ್ನ ನಗು ಕೇಳಿ ಬೆಂಚಿನ ಮೇಲಿನ ಕಂಬಳಿ ಈ ಕಡೆ ತಿರುಗಿತು. ಹಲ್ಲು ಒಂದೆರಡು ಕಡಿಮೆಯಾಗಿದ್ದವು, ದನಿ ಒಂಚೂರೂ ಕಡಿಮೆಯಾಗಿರಲಿಲ್ಲ.

“ಬಾಯಿ! ನೀವಾ ಹೌದಲ್ಲೋ? ನಮ್ಮ ಮುದುಕಂದು ಕಣ್ಣಿನ ಆಪರೇಶನ್ ಅದ್ರಿ. ನಿನ್ನಿ ಮುಂಜಾನಿಂದ ಕೂತೀನಿ. ನಿಮ್ಮ ಕಂಪ್ನಿ ಒಪ್ಪಿಗಿ ಬಂದಿಲ್ಲ, ಕಾಯ್ರಿ ಅಂತಾರ.”

ನಾನು ಏನೋ ಹೇಳಲು ಬಾಯಿ ತೆರೆದೆ. ಅವಳು ನನ್ನ ಫೈಲು ನೋಡಿದಳು, ಹಿಂದಿದ್ದ ಇಬ್ಬರನ್ನೂ ನೋಡಿದಳು.

“ಈಗೂ ಮಂದಿ ಕಾಯ್ತೀರೋ, ಬರೇ ಕಾಯಸ್ತೀರೋ?”

ಫೈಲನ್ನು ಸಹಾಯಕರ ಕೈಗೆ ಕೊಟ್ಟು ನಮ್ಮ ಕಂಪನಿಯ ಕೌಂಟರಿನ ಕಡೆ ತಿರುಗಿದೆ. ಒಬ್ಬ ಹಿಂದೆಯೇ ಓಡಿಬಂದು ಪಿಸುಗುಟ್ಟಿದ: “ಮೇಡಂ, ಮೀಟಿಂಗಿನಲ್ಲಿ ಎಲ್ಲರೂ ನಿಮಗಾಗಿ ಕಾಯ್ತಿದ್ದಾರೆ.”

“ಕಾಯ್ಲಿ ಬಿಡ್ರಿ,” ಎಂದೆ.